ಹಳೆಯ ಸ್ಟರ್ನ್‌ಡ್ರೈವ್ ಬೋಟಿಗೆ ಪ್ರೊಪೆಲ್ಲರ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಸ್ಟರ್ನ್‌ಡ್ರೈವ್ ಬೋಟು ಇಟ್ಟುಕೊಂಡವರು ಬೆರಳೆಣಿಕೆಯ ಜನ. ಅವರ ಬಳಿಯೂ ಹೊಸ ಬೋಟು ಅಪರೂಪ. ಮಂಗಳೂರು, ಗೋವಾ, ಕೊಚ್ಚಿ ಕಡೆ ಒಂದೆರಡು ಕೈ ದಾಟಿ, ಟ್ರೇಲರ್ ಮೇಲೆ ಘಾಟಿ ಹತ್ತಿ ಬಂದವೇ ಜಾಸ್ತಿ. ಎಂಜಿನ್ ಕೆಟ್ಟರೆ ನೋಡಲು ಜೀಪ್ ಮೆಕ್ಯಾನಿಕ್ ಆದರೂ ಸಿಗುತ್ತಾರೆ. ಪ್ರೊಪೆಲ್ಲರ್ ವಿಷಯ ಎತ್ತಿದರೆ ಮಾತ್ರ ಎಲ್ಲರದೂ ಒಂದೇ ಸಲಹೆ: "ಹಳೆಯದರ ಮೇಲೆ ಯಾವ ನಂಬರ್ ಇದೆಯೋ ಅದನ್ನೇ ತರಿಸಿಬಿಡಿ." ನಮ್ಮ ನೀರಿಗೆ, ನಮ್ಮ ಎತ್ತರಕ್ಕೆ ಆ ಸಲಹೆ ಬಹಳ ಸಲ ಹೊಂದುವುದಿಲ್ಲ.

ನನ್ನದು ಸ್ಟರ್ನ್‌ಡ್ರೈವೋ ಔಟ್‌ಬೋರ್ಡೋ? ಗೊತ್ತಾಗುವುದು ಹೇಗೆ?

ಎಂಜಿನ್ ಬೋಟಿನೊಳಗೆ, ಹಿಂಬದಿಯ ಪೆಟ್ಟಿಗೆಯಲ್ಲಿ ಕೂತಿದ್ದು, ಹಿಂಗೋಡೆಯ ಆಚೆ ಬರೀ ಗೇರ್ ಇರುವ ಕಾಲು (ಇದನ್ನೇ ಡ್ರೈವ್ ಎನ್ನುವುದು) ನೀರಿಗೆ ಇಳಿದಿದ್ದರೆ ಅದು ಸ್ಟರ್ನ್‌ಡ್ರೈವ್. ಎಂಜಿನ್ ಸಮೇತ ಎಲ್ಲವೂ ಹೊರಗೆ ತೂಗಿದ್ದರೆ ಔಟ್‌ಬೋರ್ಡ್. ವೋಲ್ವೋ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಈ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಮರ್ಕ್ರೂಸರ್ ಸ್ವಲ್ಪ ಕಾಲದಲ್ಲೇ ಹಿಂಬಾಲಿಸಿತು. ಹಳೆಯ ಬೋಟುಗಳಲ್ಲಿ ಕಾಣಸಿಗುವುದು ಹೆಚ್ಚಾಗಿ ಮರ್ಕ್ರೂಸರ್ ಆಲ್ಫಾ ಒನ್, ವೋಲ್ವೋ 270, 280, 290, ಅಲ್ಲೊಂದು ಇಲ್ಲೊಂದು ಓಎಂಸಿ ಕೋಬ್ರಾ. ಓಎಂಸಿ ಕಂಪನಿ 2000ದ ಕೊನೆಗೆ ದಿವಾಳಿಯಾಯಿತು. ಕೋಬ್ರಾ ಇದ್ದವರು ಡ್ರೈವ್ ಬಿಡಿಭಾಗಗಳಿಗೆ ಒದ್ದಾಡಬೇಕಾದೀತು. ಪ್ರೊಪೆಲ್ಲರ್ ಮಾತ್ರ ಬೇರೆ ತಯಾರಕರಿಂದ ಇವತ್ತಿಗೂ ಸಿಗುತ್ತದೆ.

ಪ್ರೊಪೆಲ್ಲರ್ ಮೇಲೆ 14¼ × 19 ಅಂತ ಕೊರೆದಿದೆ. ಏನರ್ಥ?

ಮೊದಲನೆಯದು ವ್ಯಾಸ: ಬ್ಲೇಡಿನ ತುದಿಗಳು ಬಿಡಿಸುವ ವೃತ್ತದ ಅಗಲ, ಇಂಚಿನಲ್ಲಿ. ಎರಡನೆಯದು ಪಿಚ್: ಮರದೊಳಗೆ ತಿರುಗುವ ಸ್ಕ್ರೂ ಹಾಗೆ ಸ್ವಲ್ಪವೂ ಜಾರದೆ ಹೋದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕು ಎಂಬ ಲೆಕ್ಕ. ನೀರು ಮರವಲ್ಲ, ಜಾರುತ್ತದೆ. ಆದ್ದರಿಂದ ನಿಜವಾಗಿ ಸಾಗುವ ದೂರ ಯಾವತ್ತೂ ಅದಕ್ಕಿಂತ ಕಡಿಮೆ.

ಕೆಲವದರಲ್ಲಿ ಅಳತೆ ನೇರವಾಗಿ ಇರುವುದಿಲ್ಲ, ಬಿಡಿಭಾಗದ ಸಂಖ್ಯೆ ಮಾತ್ರ ಇರುತ್ತದೆ. 48 ಎಂದು ಶುರುವಾದರೆ ಅದು ಮರ್ಕ್ಯುರಿಯ ಪ್ರೊಪೆಲ್ಲರ್. ಹಬ್, ಅಂದರೆ ಬ್ಲೇಡುಗಳು ಕೂತಿರುವ ನಡುಗೊಳವೆ, ಅದರ ಬದಿಯಲ್ಲಿ ಪೇಂಟಿನಡಿ ಅಕ್ಷರ ಮುಚ್ಚಿಹೋಗಿದ್ದರೆ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ನೋಡಿ. ರಿಪೇರಿ ಕಂಡ ಪ್ರೊಪೆಲ್ಲರಿನಲ್ಲಿ ಕೊರೆದ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. 19 ಎಂದು ಬರೆದದ್ದು ಯಾರದೋ ಸುತ್ತಿಗೆಯಡಿ 18 ಆಗಿರಬಹುದು, ಮೂರು ಬ್ಲೇಡಿಗೆ ಮೂರು ಪಿಚ್ಚೂ ಇರಬಹುದು.

ಮಂಗಳೂರಿನಲ್ಲಿ ಹಾರಿಕೊಂಡು ಓಡುತ್ತಿದ್ದ ಬೋಟು ಹಾರಂಗಿ ಹಿನ್ನೀರಿನಲ್ಲಿ ನೀರಿನ ಮೇಲಕ್ಕೆ ಏಳುವುದೇ ಇಲ್ಲ. ಮಾರಿದವರು ಮೋಸ ಮಾಡಿದರಾ?

ಮಾಡಿರಲಿಕ್ಕಿಲ್ಲ. ಮೊದಲು ಎತ್ತರವನ್ನು ನೋಡಿ. ಹಾರಂಗಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 2,859 ಅಡಿ. ಮಳೆಗಾಲದಲ್ಲಿ ದಿನವೂ ಪೇಪರಿನಲ್ಲಿ ಓದುವ ಸಂಖ್ಯೆಯೇ ಇದು, ಬೋಟಿನವರು ಮಾತ್ರ ಅದನ್ನು ಎಂಜಿನ್ನಿಗೆ ಹೊಂದಿಸಿ ನೋಡುವುದಿಲ್ಲ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಏರಿದ್ದಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದಲ್ಲ. ಹಾರಂಗಿಗೆ ಬರುವಷ್ಟರಲ್ಲಿ ಶೇ 8ಕ್ಕಿಂತ ಹೆಚ್ಚು ಹೋಯಿತು. ಸಮುದ್ರ ಮಟ್ಟದಲ್ಲಿ 190 ಎಚ್‌ಪಿ ಕೊಡುವ ವಿ6 ಇಲ್ಲಿ 174ರ ಆಸುಪಾಸು ಕೊಡುತ್ತದೆ. ಕಾರ್ಬ್ಯುರೇಟರ್ ಇದ್ದರೆ ಪೆಟ್ರೋಲ್ ಮಿಶ್ರಣವೂ ಕೊಂಚ ದಪ್ಪವಾಗುತ್ತದೆ.

ಎಂಜಿನ್ ಸೊರಗಿತು, ಪ್ರೊಪೆಲ್ಲರ್ ಮಾತ್ರ ಸಮುದ್ರಕ್ಕೆ ಆರಿಸಿದ್ದೇ ಉಳಿಯಿತು. ಹೊರೆ ಅಷ್ಟೇ, ಎಳೆಯುವ ಶಕ್ತಿ ಕಡಿಮೆ. ಜೊತೆಗೆ ಕರಾವಳಿಯಲ್ಲಿ ಇಬ್ಬರನ್ನು ಕೂರಿಸಿ ಟ್ರಯಲ್ ತೋರಿಸಿರುತ್ತಾರೆ. ಇಲ್ಲಿ ನೆಂಟರಿಷ್ಟರು ಸೇರಿ ಎಂಟು ಜನ, ಮೇಲೊಂದು ಬಿರಿಯಾನಿ ಪಾತ್ರೆ. ಸಾಮಾನ್ಯವಾಗಿ 1ರಿಂದ 2 ಇಂಚು ಕಡಿಮೆ ಪಿಚ್ ಹಾಕಿದರೆ ಬೋಟು ಮತ್ತೆ ಏಳುತ್ತದೆ. ತುದಿ ವೇಗ ಹಳೆಯಷ್ಟು ಬಾರದು, ಎತ್ತರ ಕಿತ್ತುಕೊಂಡ ಶಕ್ತಿಯನ್ನು ಪ್ರೊಪೆಲ್ಲರ್ ವಾಪಸು ಕೊಡಲಾರದು. ಎಂಜಿನ್ ಒದ್ದಾಡದ ಹಾಗೆ ಮಾಡುವುದಷ್ಟೇ ಅದರ ಕೈಯಲ್ಲಿರುವುದು.

ಪಿಚ್ಚಿಗೆ ದುಡ್ಡು ಹಾಕುವ ಮೊದಲು ಬೋಟಿನ ತಳದ ಪಾಚಿ ಉಜ್ಜಿ. ಕೇಬಲ್ ಎಳೆದಾಗ ಕಾರ್ಬ್ಯುರೇಟರಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ನೋಡಿ. ಪ್ಲಗ್, ಟೈಮಿಂಗ್, ಕಂಪ್ರೆಷನ್ ಪರೀಕ್ಷಿಸಿ. ಒಂದು ಸಿಲಿಂಡರ್ ಸತ್ತಿರುವ ಎಂಜಿನ್ನಿಗೆ ಪಿಚ್ ಇಳಿಸಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ.

ಸರಿ, ಎಷ್ಟು ಪಿಚ್ ಬೇಕೆಂದು ಗೊತ್ತು ಮಾಡುವುದು ಹೇಗೆ?

ಅದನ್ನು ಹೇಳುವುದು ಒಂದೇ ಒಂದು ಅಂಕಿ: ನಿಮ್ಮ ನೀರಿನಲ್ಲಿ, ನಿಮ್ಮ ಮಾಮೂಲು ಹೊರೆ ಹೊತ್ತು, ಥ್ರಾಟಲ್ ಪೂರ್ತಿ ಕೊಟ್ಟಾಗ ಎಂಜಿನ್ ತಲುಪುವ ಆರ್‌ಪಿಎಂ.

ಎಂಜಿನ್ನಿನ ಕೈಪಿಡಿಯಲ್ಲಿ ಪೂರ್ಣ ಥ್ರಾಟಲಿನಲ್ಲಿ ಎಷ್ಟು ಸುತ್ತಬೇಕೆಂದು ಬರೆದಿರುತ್ತಾರೆ. ಹಳೆಯ ಪೆಟ್ರೋಲ್ ಮರ್ಕ್ರೂಸರುಗಳಲ್ಲಿ ಇದು ಹೆಚ್ಚಾಗಿ 4,200–4,600 ಅಥವಾ 4,400–4,800. ನಿಮ್ಮ ಮಾದರಿಯದು ಯಾವುದೆಂದು ಸೀರಿಯಲ್ ನಂಬರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಆಮೇಲೆ ಪೆಟ್ರೋಲ್ ಟ್ಯಾಂಕ್ ಮುಕ್ಕಾಲು ತುಂಬಿಸಿ, ಯಾವಾಗಲೂ ಕೂರಿಸುವಷ್ಟು ಜನರನ್ನು ಲೈಫ್ ಜಾಕೆಟ್ ಸಮೇತ ಕೂರಿಸಿ, ಗಾಳಿ ಇಲ್ಲದ ಬೆಳಗಿನ ಹೊತ್ತು ಆಳ ಇರುವ ಜಾಗಕ್ಕೆ ಹೋಗಿ. ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ಕೊಟ್ಟು, ಬೋಟು ಎದ್ದು ನಿಂತಾಗ ಟ್ರಿಮ್ (ಡ್ರೈವಿನ ಓರೆ) ಸ್ವಲ್ಪ ಸ್ವಲ್ಪ ಎತ್ತುತ್ತಾ ಹೋಗಿ. ವೇಗ ಇನ್ನು ಏರುವುದಿಲ್ಲ ಎಂಬಲ್ಲಿ ಆರ್‌ಪಿಎಂ ಓದಿ. ಒಂದು ಸಲ ಗಾಳಿಗೆ ಎದುರು, ಒಂದು ಸಲ ಗಾಳಿಯ ಜೊತೆ.

ಪಿಚ್ ಒಂದು ಇಂಚು ಇಳಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ, ಏರಿಸಿದರೆ ಅಷ್ಟೇ ಇಳಿಯುತ್ತದೆ. ಉದಾಹರಣೆಗೆ ನಿಮ್ಮ ಎಂಜಿನ್ನಿನ ಮಿತಿ 4,400–4,800, ಬೋಟಿನಲ್ಲಿರುವುದು 21 ಪಿಚ್, ಪೂರ್ತಿ ಹೊರೆಯಲ್ಲಿ ಬಂದದ್ದು 4,150. ಮಿತಿಯ ನಡುವಿಗೆ ಬರಲು 450ರಷ್ಟು ಬೇಕು. 19 ಹಾಕಿದರೆ 4,500ರ ಹತ್ತಿರ ಬರುತ್ತದೆ, 18 ಸಿಕ್ಕರೆ ನಡು ದಾಟುತ್ತದೆ. 17ಕ್ಕೆ ಇಳಿದರೆ ಇಬ್ಬರೇ ಹೋದ ದಿನ ಎಂಜಿನ್ ಮಿತಿ ದಾಟುವ ಸಾಧ್ಯತೆ ಇದೆ.

ನನ್ನನ್ನು ಕೇಳಿದರೆ ಇಲ್ಲಿ ಮಿತಿಯ ಮೇಲಿನ ಅರ್ಧದಲ್ಲೇ ಇರುವ ಹಾಗೆ ಆರಿಸಬೇಕು. ಹಿನ್ನೀರಿನಲ್ಲಿ ಉದ್ದಕ್ಕೆ ಪೂರ್ಣ ವೇಗದಲ್ಲಿ ಹೋಗಲು ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಬೇಗ ಏಳುವುದೇ ಬೇಕಾದ್ದು.

ಆರ್‌ಪಿಎಂ ಕಡಿಮೆ ಬಂದರೆ ಎಂಜಿನ್ನಿಗೆ ಆರಾಮವೇ ಅಲ್ಲವೇ?

ತೋಟದವರೆಲ್ಲ ಇದನ್ನು ಕೇಳುತ್ತಾರೆ, ನಿಧಾನಕ್ಕೆ ಓಡಿದರೆ ಬಾಳಿಕೆ ಜಾಸ್ತಿ ಎಂಬ ಲೆಕ್ಕದಲ್ಲಿ. ಅರ್ಧ ಥ್ರಾಟಲಿನಲ್ಲಿ ನಿಧಾನ ಓಡುವುದು ಆರಾಮವೇ. ಆದರೆ ಥ್ರಾಟಲ್ ಪೂರ್ತಿ ತೆರೆದೂ 3,800ರಲ್ಲಿ ನಿಂತಿದೆಯೆಂದರೆ, ಜೀಪನ್ನು ನಾಲ್ಕನೇ ಗೇರಿನಲ್ಲಿ ತಲಕಾವೇರಿ ಏರಿಗೆ ಹತ್ತಿಸಿದ ಸ್ಥಿತಿ ಅದು. ಸಿಲಿಂಡರಿನೊಳಗೆ ಶಾಖ, ಒತ್ತಡ ಏರಿ ನಾಕ್ ಹೊಡೆಯುತ್ತದೆ, ಬೋಟಿನ ಗಲಾಟೆಯಲ್ಲಿ ಅದು ಕಿವಿಗೂ ಬೀಳುವುದಿಲ್ಲ. ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹೋದಾಗಲೇ ಗೊತ್ತಾಗುವುದು. ಮಿತಿಗಿಂತ ಮೇಲೆ ಸುತ್ತಿದರೂ ಹಾಳೇ, ಅದು ಮೀಟರಿನಲ್ಲಿ ಕಾಣುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಕೆಳಗೆ ಉಳಿದದ್ದು ಮಾತ್ರ ಕಾಣದಂತೆ ಕೊಲ್ಲುತ್ತದೆ.

ಹಳೆಯ ಟ್ಯಾಕೋಮೀಟರನ್ನು ನಂಬಬಹುದೇ?

ಪರೀಕ್ಷಿಸದೆ ನಂಬಬೇಡಿ. ಬಹಳಷ್ಟು ಮೀಟರುಗಳ ಬೆನ್ನಿಗೆ 4, 6, 8 ಸಿಲಿಂಡರ್ ಆರಿಸುವ ಸಣ್ಣ ಸ್ವಿಚ್ ಇರುತ್ತದೆ. ವಿ6 ಎಂಜಿನ್ನಿಗೆ ಅದು 4ರಲ್ಲಿ ಕೂತಿದ್ದರೆ ನಿಜಕ್ಕಿಂತ ಒಂದೂವರೆ ಪಟ್ಟು ತೋರಿಸುತ್ತದೆ. ತುಕ್ಕು ಹಿಡಿದ ಸ್ವಿಚ್ಚನ್ನು ನಾಲ್ಕಾರು ಸಲ ಆಚೀಚೆ ತಿರುಗಿಸಿ ಸರಿಯಾದ ಜಾಗಕ್ಕೆ ತಂದರೆ ಕುಣಿಯುವ ಮುಳ್ಳು ನಿಲ್ಲುವುದೂ ಉಂಟು. ಎಂಜಿನ್ ಮುಂಭಾಗದ ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರಿನಿಂದ ಹೋಲಿಸಿ. ಬೆಲ್ಟಿನ ಹತ್ತಿರ ಉದ್ದ ತೋಳಿನ ಅಂಗಿ, ಶಾಲು ಬೇಡ.

ಜಾರಿಕೆಯ ಲೆಕ್ಕ ಹಾಕುವುದು ಹೇಗೆ? ಅದರಿಂದ ಏನು ಪ್ರಯೋಜನ?

ಎಂಜಿನ್ ಆರ್‌ಪಿಎಂ ಅನ್ನು ಡ್ರೈವಿನ ಗೇರ್ ಅನುಪಾತದಿಂದ ಭಾಗಿಸಿ, ಪಿಚ್ಚಿನಿಂದ ಗುಣಿಸಿ, 0.001524ರಿಂದ ಗುಣಿಸಿದರೆ ಜಾರದೆ ಹೋಗಬೇಕಾದ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಬರುತ್ತದೆ. 4,000 ಆರ್‌ಪಿಎಂ, 1.84 ಅನುಪಾತ, 19 ಪಿಚ್ ಇದ್ದರೆ ಸುಮಾರು 63. ಮೊಬೈಲಿನ ಜಿಪಿಎಸ್ 52 ತೋರಿಸಿದರೆ ಜಾರಿಕೆ ಶೇ 17ರ ಹತ್ತಿರ. ಮೇಲೆದ್ದು ಓಡುವ ಬೋಟಿಗೆ ಶೇ 10ರಿಂದ 20 ಮಾಮೂಲು. 30, 35 ಬಂತೆಂದರೆ ಬ್ಲೇಡ್ ಬಗ್ಗಿದೆ, ಹಬ್ ಜಾರುತ್ತಿದೆ, ಇಲ್ಲವೇ ನೀವು ಅಂದುಕೊಂಡ ಗೇರ್ ಅನುಪಾತವೇ ತಪ್ಪು. ಡ್ರೈವ್ ಒಂದು ಸಲ ಬದಲಾಗಿರುವ ಬೋಟುಗಳಲ್ಲಿ ಈ ಮೂರನೆಯದು ಕಮ್ಮಿಯೇನಲ್ಲ. ಗೇರಿನಲ್ಲಿಟ್ಟು ಎಂಜಿನ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಪ್ರೊಪೆಲ್ಲರ್ ಹತ್ತು ಸುತ್ತು ಮುಗಿಸಲು ಪುಲ್ಲಿ ಎಷ್ಟು ಸುತ್ತಿತೆಂದು ಎಣಿಸಿದರೆ ನಿಜವಾದ ಅನುಪಾತ ಸಿಗುತ್ತದೆ. ಪ್ಲಗ್ ಬಿಚ್ಚಿಟ್ಟುಕೊಂಡರೆ ತಿರುಗಿಸುವುದು ಸಲೀಸು.

ಅಲ್ಯೂಮಿನಿಯಮ್ಮೋ ಸ್ಟೀಲೋ?

ಹಾರಂಗಿಗೆ, ಚಿಕ್ಲಿಹೊಳೆಗೆ, ಕೊಡಗಿನ ಯಾವ ನೀರಿಗೂ ಅಲ್ಯೂಮಿನಿಯಂ. ಈ ಮಾತಿಗೆ ಬೇಜಾರಾಗುವವರಿದ್ದಾರೆ. ಹೊಳೆಯುವ ಸ್ಟೀಲ್ ಪ್ರೊಪೆಲ್ಲರ್ ನೋಡಲು ಚೆಂದ, ಬ್ಲೇಡ್ ತೆಳ್ಳಗೆ, ಹೊರೆಗೆ ಬಗ್ಗುವುದಿಲ್ಲ, ವೇಗವೂ ಒಂದೆರಡು ಕಿಲೋಮೀಟರ್ ಜಾಸ್ತಿ. ನೀರಿನಡಿ ಏನಿದೆ ಎಂದು ಯೋಚಿಸಿ. ಹಿನ್ನೀರು ನುಂಗಿದ ಜಾಗದಲ್ಲಿ ಮರದ ಬೊಡ್ಡೆಗಳಿವೆ, ಬಂಡೆಗಳಿವೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದಾಗ ಹೋದ ತಿಂಗಳು ಎಂಟು ಅಡಿ ಕೆಳಗಿದ್ದದ್ದು ಈ ತಿಂಗಳು ಎರಡೇ ಅಡಿ ಕೆಳಗಿರುತ್ತದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಗುಡ್ಡಗಳೇ ಕರಗಿ ಹೊಳೆಗೆ ಬಂದವು. ಆಗ ಬಂದ ಹೂಳು, ಮರದ ದಿಮ್ಮಿ ಎಲ್ಲೆಲ್ಲಿ ನಿಂತಿವೆಯೋ, ಹಳೆಯ ನೆನಪಿನ ಮೇಲೆ ಬೋಟು ಓಡಿಸುವ ಕಾಲ ಹೋಯಿತು.

ಅಲ್ಯೂಮಿನಿಯಂ ಬ್ಲೇಡ್ ಬೊಡ್ಡೆಗೆ ಬಡಿದರೆ ತಾನು ಬಗ್ಗುತ್ತದೆ ಅಥವಾ ಮುರಿಯುತ್ತದೆ, ಏಟು ಅಲ್ಲಿಗೇ ಮುಗಿಯಿತು. ಸ್ಟೀಲ್ ಬಗ್ಗದೆ ಏಟಿನ ಹೆಚ್ಚಿನ ಪಾಲನ್ನು ಒಳಗಿನ ಶಾಫ್ಟಿಗೆ, ಗೇರಿಗೆ ದಾಟಿಸುತ್ತದೆ. ಹಬ್ಬಿನ ರಬ್ಬರ್ ಸ್ವಲ್ಪ ತಡೆದುಕೊಂಡೀತು, ಎಲ್ಲವನ್ನೂ ಅಲ್ಲ. ಹಳೆಯ ಡ್ರೈವಿನ ಗೇರ್ ಸೆಟ್ಟಿನ ಬೆಲೆಯಲ್ಲಿ ಹಲವು ಅಲ್ಯೂಮಿನಿಯಂ ಪ್ರೊಪೆಲ್ಲರ್ ಬರುತ್ತವೆ. ಒಂದು ಸ್ಟೀಲಿನ ದುಡ್ಡಿಗೆ ಎರಡು ಅಲ್ಯೂಮಿನಿಯಂ ಕೊಂಡು ಒಂದನ್ನು ಬೋಟಿನಲ್ಲೇ ಇಟ್ಟುಕೊಳ್ಳಿ.

ನಾಲ್ಕು ಬ್ಲೇಡಿನದು ಹಾಕಿದರೆ?

ಹೊರೆ ಹೆಚ್ಚು ಇರುವ, ನಿಧಾನಕ್ಕೆ ಏಳುವ ಬೋಟಿಗೆ ಒಳ್ಳೆಯದೇ. ಕಡಿಮೆ ವೇಗದಲ್ಲೂ ಬೋಟನ್ನು ಮೇಲೇ ಹಿಡಿದಿಡುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ನಡುಕವೂ ಕಡಿಮೆ. ಅದೇ ಪಿಚ್ಚಿನ ಮೂರು ಬ್ಲೇಡಿಗಿಂತ ಆರ್‌ಪಿಎಂ 50ರಿಂದ 100 ಇಳಿಯುತ್ತದೆ, ಹಾಗಾಗಿ ಒಂದು ಇಂಚು ಕಡಿಮೆ ಪಿಚ್ ಆರಿಸುವುದು ವಾಡಿಕೆ. ಬ್ಲೇಡಿನ ಅಂಚು ಒಳಕ್ಕೆ ಕೊಂಚ ಮಡಿಚಿದ 'ಕಪ್' ಇರುವ ಪ್ರೊಪೆಲ್ಲರಿಗೂ ಇದೇ ಮಾತು, ಅದೂ ಆರ್‌ಪಿಎಂ ಇಳಿಸುತ್ತದೆ.

ವೋಲ್ವೋ ಡ್ಯುಯೋಪ್ರಾಪ್ ಇದೆ. ಹಿಂದಿನದು ಮಾತ್ರ ಹಾಳಾಗಿದೆ, ಅದೊಂದನ್ನೇ ಬದಲಿಸಬಹುದೇ?

ಅದೇ ಸರಣಿಯ, ಅದೇ ಸಂಖ್ಯೆಯದು ಸಿಕ್ಕರೆ ಬದಲಿಸಬಹುದು. 1982ರಲ್ಲಿ ಬಂದ ಈ ಏರ್ಪಾಡಿನಲ್ಲಿ ಎರಡು ಪ್ರೊಪೆಲ್ಲರ್ ಒಂದರ ಹಿಂದೆ ಒಂದು ಎದುರುಬದುರು ತಿರುಗುತ್ತವೆ, ಜೋಡಿಯಾಗಿಯೇ ಲೆಕ್ಕ ಹಾಕಿ ಮಾಡಿದವು. ಪಿಚ್ ಬದಲಿಸುವುದಾದರೆ ಎರಡನ್ನೂ ಬದಲಿಸಬೇಕು. ಇವಕ್ಕೆ ಇಂಚಿನ ಬದಲು ಅಕ್ಷರ-ಸಂಖ್ಯೆಯ ಗುರುತು ಇರುತ್ತದೆ. ಸಂಖ್ಯೆ ಹೆಚ್ಚಿದಂತೆ ಪಿಚ್ ಹೆಚ್ಚು.

ಸೆಕೆಂಡ್ ಹ್ಯಾಂಡ್ ಪ್ರೊಪೆಲ್ಲರ್ ಕಡಿಮೆಗೆ ಸಿಗುತ್ತಿದೆ. ಏನೇನು ಹೊಂದಬೇಕು?

ವ್ಯಾಸ, ಪಿಚ್ ಸರಿ ಇದ್ದ ಮಾತ್ರಕ್ಕೆ ಕೂರುವುದಿಲ್ಲ. ಶಾಫ್ಟಿನ ಸ್ಪ್ಲೈನ್ ಹಲ್ಲು ಎಣಿಸಿ: ಮರ್ಕ್ರೂಸರಿನ ಆಲ್ಫಾ ಡ್ರೈವಿಗೆ 15, ಅದರದೇ ಬ್ರಾವೋ ಒನ್ನಿಗೆ 19. ಹಬ್ಬಿನ ಹೊರ ವ್ಯಾಸ ಗೇರ್ ಕೇಸಿನ ಹಿಂಬಾಯಿಗೆ ಸರಿಹೊಂದಬೇಕು, ಇಲ್ಲದಿದ್ದರೆ ಹಬ್ ಮೂಲಕ ಹೋಗುವ ಎಕ್ಸಾಸ್ಟ್ ಹೊಗೆ ಪಕ್ಕದಿಂದ ಸೋರಿ ಬ್ಲೇಡಿಗೆ ನುಗ್ಗುತ್ತದೆ. ಕೆಲವು ತಯಾರಕರು ಹಬ್ ಕಿಟ್ ಬೇರೆ ಕೊಡುತ್ತಾರೆ, ಕಿಟ್ ಬದಲಿಸಿದರೆ ಅದೇ ಪ್ರೊಪೆಲ್ಲರ್ ಬೇರೆ ಡ್ರೈವಿಗೂ ಆಗುತ್ತದೆ.

ತಿರುಗುವ ದಿಕ್ಕನ್ನು ಜನ ಮರೆಯುವುದೇ ಹೆಚ್ಚು. ಪ್ರೊಪೆಲ್ಲರನ್ನು ನೆಲದ ಮೇಲೆ ನೆಟ್ಟಗೆ, ಶಾಫ್ಟಿನ ತೂತು ಮೇಲೆ ಬರುವಂತೆ ಇಟ್ಟು, ನಿಮಗೆ ಎದುರಾದ ಬ್ಲೇಡನ್ನು ನೋಡಿ. ಎಡಗೆಳಗಿನಿಂದ ಬಲಮೇಲಕ್ಕೆ ಏರಿದ್ದರೆ ಬಲಗೈ, ತಿರುಗಾಮುರುಗಾ ಆದರೆ ಎಡಗೈ. ಒಂಟಿ ಪ್ರೊಪೆಲ್ಲರಿನ ಸ್ಟರ್ನ್‌ಡ್ರೈವ್ ಬಹುತೇಕ ಬಲಗೈ. ಹಳೆಯ ವೋಲ್ವೋಗಳಲ್ಲಿ ಎಡಗೈಯೂ ಇವೆ, ಹಾಗಾಗಿ ನೋಡದೆ ದುಡ್ಡು ಕೊಡಬೇಡಿ.

ಎಂಜಿನ್ ಜೋರಾಗಿ ಕೂಗುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಗೇರ್ ಹೋಯಿತೇ?

ಗೇರಿಗೆ ಕೈ ಹಾಕುವ ಮೊದಲು ಹಬ್ ನೋಡಿ. ಒಳತೋಳು ಮತ್ತು ಹೊರಗಿನ ಪ್ರೊಪೆಲ್ಲರ್ ನಡುವೆ ರಬ್ಬರ್ ಬುಷ್ ಇರುತ್ತದೆ, ಏಟು ಬಿದ್ದಾಗ ಜಾರಲೆಂದೇ ಇಟ್ಟದ್ದು. ಹಳೆಯದಾದಾಗ ಏಟಿಲ್ಲದೆಯೂ ಜಾರುತ್ತದೆ. ಪರೀಕ್ಷೆ ಸುಲಭ: ಪ್ರೊಪೆಲ್ಲರ್ ಬಿಚ್ಚಿ, ಹಿಂಬದಿಯಲ್ಲಿ ಒಳತೋಳು, ರಬ್ಬರ್, ಹೊರ ಹಬ್ ಮೂರಕ್ಕೂ ಅಡ್ಡಲಾಗಿ ಒಂದೇ ನೇರ ಗೆರೆ ಗೀಚಿ. ಮತ್ತೆ ಹಾಕಿ, ನೀರಿನಲ್ಲಿ ಜೋರು ಕೊಟ್ಟು ಬಂದು, ಬಿಚ್ಚಿ ನೋಡಿ. ಗೆರೆ ಮುರಿದಿದ್ದರೆ ಹಬ್ ಜಾರಿದೆ. ಹೊಸ ಮಾದರಿಗಳಲ್ಲಿ ಚೌಕಾಕಾರದ ಪ್ಲಾಸ್ಟಿಕ್ ಹಬ್ ಕೈಯಲ್ಲೇ ಬದಲಿಸಬಹುದು. ಹಳೆಯ ಒತ್ತಿ ಕೂರಿಸಿದ ರಬ್ಬರಿಗೆ ಪ್ರೆಸ್ ಬೇಕು.

ದಡದಿಂದ ದೂರ ಇದ್ದಾಗ ಜಾರಿದರೆ ಥ್ರಾಟಲ್ ಇಳಿಸಿ ಮೆಲ್ಲಗೆ ಬನ್ನಿ, ನಿಧಾನ ವೇಗಕ್ಕೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ.

ಕೂಗುವುದು ತಿರುವಿನಲ್ಲಿ ಮಾತ್ರ, ನೇರ ಬಂದ ಮೇಲೆ ಸರಿಹೋಗುತ್ತದೆ ಎಂದಾದರೆ ಅದು ಹಬ್ ಅಲ್ಲ. ಬ್ಲೇಡಿಗೆ ಮೇಲಿನಿಂದ ಗಾಳಿಯೋ ಎಕ್ಸಾಸ್ಟೋ ನುಗ್ಗುತ್ತಿದೆ. ಟ್ರಿಮ್ ಇಳಿಸಿ ನೋಡಿ. ಹಬ್ಬಿನ ಹಿಂದುಗಡೆ ಅಗಲವಾಗುವ ಬಳೆ ಮುರಿದಿದ್ದರೂ ಹೀಗಾಗುತ್ತದೆ. ಇನ್ನೊಂದು ಬಗೆ ಇದೆ: ಪೆಟ್ಟಾದ ಅಂಚಿನ ಹಿಂದೆ ಒತ್ತಡ ಇಳಿದು ತಣ್ಣೀರೇ ಕುದಿದು ಗುಳ್ಳೆಯಾಗುತ್ತದೆ, ಗುಳ್ಳೆ ಒಡೆದಲ್ಲೆಲ್ಲ ಪೇಂಟ್ ಹಾರಿ ಲೋಹದಲ್ಲಿ ಚುಕ್ಕಿ ಚುಕ್ಕಿ ತೂತು ಬೀಳುತ್ತದೆ. ಬ್ಲೇಡ್ ಮೇಲೆ ಅಂಥ ಸುಟ್ಟ ಹಾಗಿನ ಕಲೆ ಕಂಡರೆ ಅದರ ಮುಂದಿನ ಅಂಚನ್ನು ಪರೀಕ್ಷಿಸಿ.

ಅಂಚು ಕಲ್ಲಿಗೆ ತಾಗಿ ಹಲ್ಲು ಹಲ್ಲಾಗಿದೆ. ಮನೆಯಲ್ಲೇ ಅರ ಹಾಕಬಹುದೇ?

ಸಣ್ಣ ಹಲ್ಲುಗಳಾದರೆ ಧಾರಾಳವಾಗಿ. ಪ್ರೊಪೆಲ್ಲರನ್ನು ಬಿಚ್ಚಿ ತಂದು ಹಲಗೆಗೆ ಭದ್ರವಾಗಿ ಕಟ್ಟಿ, ಅರದಲ್ಲಿ ಒರಟು ತೆಗೆದು ಎಮರಿಯಲ್ಲಿ ನುಣುಪು ಮಾಡಿ. ಅಂಚಿನ ಮೂಲ ದುಂಡುತನ ಉಳಿಯಬೇಕು. ನಮ್ಮ ಕಡೆ ಕತ್ತಿ, ವೀಡ್ ಕಟರ್ ಬ್ಲೇಡ್ ಹರಿತ ಮಾಡಿ ಅಭ್ಯಾಸವಾದ ಕೈ ಇಲ್ಲೂ ಅಂಚನ್ನು ಚೂಪು ಮಾಡಿಬಿಡುತ್ತದೆ, ಬೇಡ. ಒಂದು ಬ್ಲೇಡಿನಿಂದ ಹೆಚ್ಚು ಲೋಹ ತೆಗೆದರೆ ಸಮತೂಕ ಹೋಗುತ್ತದೆ. ರಟ್ಟಿನ ಮೇಲೆ ಚೆನ್ನಾಗಿರುವ ಬ್ಲೇಡಿನ ಆಕಾರ ಬರೆದು ಕತ್ತರಿಸಿಕೊಂಡು ಉಳಿದೆರಡಕ್ಕೆ ಹಿಡಿದು ನೋಡುತ್ತಾ ಕೆಲಸ ಮಾಡಿ. ಆಂಗಲ್ ಗ್ರೈಂಡರ್ ಮುಟ್ಟಲೇಬೇಡಿ.

ಬ್ಲೇಡ್ ಬಗ್ಗಿದೆ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಲೇತ್ ವರ್ಕ್‌ಶಾಪಿನಲ್ಲಿ ಬಡಿಸಬಹುದೇ? ಚೂರು ಹಾರಿದ ಕಡೆ ಆರ್ಗಾನ್ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುತ್ತಾರೆ.

ವೆಲ್ಡಿಂಗ್ ಅವರಿಗೆ ಚೆನ್ನಾಗಿ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಕಾಫಿ ಪಲ್ಪರಿನ ಭಾಗ, ಟಿಲ್ಲರಿನ ಹೌಸಿಂಗ್ ಬೆಸೆದ ಕೈ ಅದು. ತೊಡಕು ಅಳತೆಯಲ್ಲಿದೆ. ಬ್ಲೇಡಿನ ಪಿಚ್ ಬುಡದಿಂದ ತುದಿಯವರೆಗೆ ಸರಿಯಿದೆಯೇ ಎಂದು ನೋಡಲು ಆ ಪಿಚ್ಚಿಗೇ ಎರಕ ಹೊಯ್ದ ಅಚ್ಚೋ ಅಳೆಯುವ ಯಂತ್ರವೋ ಬೇಕು, ಆಮೇಲೆ ಸಮತೂಕ ನೋಡುವ ಕಡ್ಡಿ ಬೇಕು. ಇವಿಲ್ಲದೆ ಕಣ್ಣಂದಾಜಿನಲ್ಲಿ ಬಡಿದರೆ ಮೂರು ಬ್ಲೇಡ್ ಮೂರು ದಾರಿ ಹಿಡಿಯುತ್ತವೆ, ಆ ನಡುಕ ಬೇರಿಂಗನ್ನೂ ಆಯಿಲ್ ಸೀಲನ್ನೂ ತಿನ್ನುತ್ತದೆ.

ಮಂಗಳೂರಿನ ದಕ್ಕೆ, ಮಲ್ಪೆ, ಕೊಚ್ಚಿಯಂಥ ಬಂದರಿನ ಬದಿಯಲ್ಲಿ ಮೀನುಗಾರಿಕೆ ಬೋಟಿನ ಪ್ರೊಪೆಲ್ಲರ್ ನೋಡುವವರಿದ್ದಾರೆ. ಅಲ್ಲಿ ಕೈಗೆ ಬರುವುದು ಹೆಚ್ಚಾಗಿ ಕಂಚಿನ ಜಾತಿಯದು. ಕೊಡುವ ಮೊದಲು "ಅಲ್ಯೂಮಿನಿಯಂ ಮಾಡುತ್ತೀರಾ, ಪಿಚ್ ಹೇಗೆ ಅಳೆಯುತ್ತೀರಿ" ಎಂದು ಎರಡು ಪ್ರಶ್ನೆ ಕೇಳಿ. ಎರಡನೆಯದಕ್ಕೆ ನೇರ ಉತ್ತರ ಬರದಿದ್ದರೆ ಸಂಪಾಜೆ ಇಳಿದ ಪೆಟ್ರೋಲ್ ದಂಡವಾದರೂ ವಾಪಸು ತನ್ನಿ.

ಯಾವುದನ್ನು ರಿಪೇರಿಗೇ ಕೊಡಬಾರದು? ಬ್ಲೇಡಿನ ಬುಡದಲ್ಲಿ ಬಿರುಕು ಇದ್ದದ್ದು, ಹಬ್ಬಿನ ಕೊಳವೆಯೇ ಒಡೆದದ್ದು, ಒಂದು ಬ್ಲೇಡಿನ ದೊಡ್ಡ ತುಂಡು ಕಾಣೆಯಾದದ್ದು, ಹಿಂದೆ ಎರಡು ಮೂರು ಸಲ ಬಗ್ಗಿ ನೇರವಾದದ್ದು. ಅಲ್ಯೂಮಿನಿಯಂ ಪ್ರತಿ ಸಲ ಬಗ್ಗಿ ನೇರವಾದಾಗಲೂ ದುರ್ಬಲವಾಗುತ್ತದೆ. ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳಿದರೆ ಹೊಸದೇ ಲೇಸು. ಸ್ಟೀಲಿನದು ದುಬಾರಿ, ಅದಕ್ಕೆ ರಿಪೇರಿ ಬಹುತೇಕ ಲಾಭವೇ.

ನಟ್ ಬಿಚ್ಚಿದೆ, ಪ್ರೊಪೆಲ್ಲರ್ ಮಾತ್ರ ಅಲ್ಲಾಡುವುದಿಲ್ಲ.

ವರ್ಷಗಟ್ಟಲೆ ಗ್ರೀಸ್ ಕಾಣದ ಶಾಫ್ಟ್. ಮೊದಲಿಗೆ ಕೀ ತೆಗೆದು ಜೇಬಿಗೆ ಹಾಕಿ, ಬ್ಯಾಟರಿ ತಂತಿ ಕಳಚಿ, ಮಕ್ಕಳನ್ನು ದೂರ ಕಳಿಸಿ. ಸ್ಪ್ಲೈನ್ ಮೇಲೆ ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿ ಬಿಡಿ. ಬೆಳಿಗ್ಗೆ ಹಬ್ಬಿನ ಹಿಂದೆ ಪುಲ್ಲರ್ ಹಾಕಿ ಬಿಗಿ ಮಾಡಿ, ಒಳತೋಳಿಗೆ ಸಣ್ಣ ಶಾಖ ಕೊಡಿ, ರಬ್ಬರ್ ಸುಡುವಷ್ಟಲ್ಲ. ಬ್ಲೇಡಿಗೆ ಸುತ್ತಿಗೆಯಲ್ಲಿ ಹೊಡೆದು ಬಿಡಿಸಲು ಹೋದವರು ಗೇರ್ ಕೇಸ್ ಒಡೆದುಕೊಂಡಿದ್ದುಂಟು.

ವಾಪಸು ಹಾಕುವಾಗ ಸ್ಪ್ಲೈನಿಗೆ ಬೋಟಿನ ನೀರು ತಡೆಯುವ ಗ್ರೀಸ್ ದಪ್ಪಗೆ ಬಳಿಯಿರಿ. ಆಲ್ಫಾದಲ್ಲಿ ಗೇರ್ ಕೇಸಿನ ಕಡೆ ಓರೆ ಮುಖ ಇರುವ ಥ್ರಸ್ಟ್ ವಾಷರ್ ಮೊದಲು, ಅದು ಹಳೆಯ ಪ್ರೊಪೆಲ್ಲರಿಗೆ ಅಂಟಿಕೊಂಡು ಕಸಕ್ಕೆ ಹೋಗಿಬಿಡುತ್ತದೆ, ಹುಷಾರು. ನಟ್ಟಿಗೆ 1 1/16 ಇಂಚಿನ ಸಾಕೆಟ್, 27 ಎಂಎಂ ಕೂಡ ಕೂರುತ್ತದೆ. ಬ್ಲೇಡ್ ಮತ್ತು ಮೇಲಿನ ಚಪ್ಪಟೆ ಪಟ್ಟಿಯ ನಡುವೆ ಮರದ ತುಂಡು ಕೊಟ್ಟು 55 ಪೌಂಡ್-ಅಡಿ, ಅಂದರೆ 75 ನ್ಯೂಟನ್-ಮೀಟರ್ ಬಿಗಿ ಮಾಡಿ, ಟ್ಯಾಬ್ ವಾಷರಿನ ಕಿವಿ ಮಡಿಚಿ. ಒಂದು ಸಲ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಪ್ರೊಪೆಲ್ಲರ್ ಹಿಂದೆ ಗಾಳದ ದಾರ ಸುತ್ತಿಕೊಂಡಿತ್ತು, ಕತ್ತರಿಸಿ ತೆಗೆದೆ. ಅಷ್ಟು ಸಾಕೇ?

ಸಾಲದು. ಹಿನ್ನೀರಿನಲ್ಲಿ ಗಾಳ ಹಾಕುವವರೂ ಬಲೆ ಬಿಡುವವರೂ ಇರುವ ಕಡೆ ಇದು ಆಗುತ್ತಲೇ ಇರುತ್ತದೆ. ನೈಲಾನ್ ದಾರ ಶಾಫ್ಟಿಗೆ ಬಿಗಿಯಾಗಿ ಸುತ್ತಿ ಬಿಸಿಯಾಗಿ ಆಯಿಲ್ ಸೀಲನ್ನು ಕೊಯ್ಯುತ್ತದೆ. ಪ್ರೊಪೆಲ್ಲರ್ ಪೂರ್ತಿ ಬಿಚ್ಚಿ ಥ್ರಸ್ಟ್ ವಾಷರಿನ ಒಳಗೆ ನೋಡಿ. ಒಂದೆರಡು ದಿನ ಬಿಟ್ಟು ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ಮೊದಲು ನೀರಿನ ಹನಿ ಬಂದರೆ, ಅಥವಾ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ಬೋಟನ್ನು ಓಡಿಸಬೇಡಿ. ಸೀಲಿಗೆ ಸಣ್ಣ ದುಡ್ಡು, ಬೇರಿಂಗಿಗೆ ದೊಡ್ಡದು.

ಹೊಸ ಪ್ರೊಪೆಲ್ಲರ್ ಹಾಕಿದರೂ ನಡುಕ ಹೋಗಿಲ್ಲ.

ಶಾಫ್ಟ್ ಬಗ್ಗಿರಬೇಕು. ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ತುದಿಗೆ ತಾಗುವಷ್ಟು ಹತ್ತಿರ ಒಂದು ಕಡ್ಡಿ ನೆಟ್ಟು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ತುದಿ ಕಣ್ಣಿಗೆ ಕಾಣುವಷ್ಟು ಓಲಾಡಿದರೂ ಸಾಕು, ಅದು ಬದಲಾಗಬೇಕು. ನೆಟ್ಟಗಿದ್ದರೆ ಗಿಂಬಲ್ ಬೇರಿಂಗ್, ಯೂನಿವರ್ಸಲ್ ಜಾಯಿಂಟ್, ಎಂಜಿನ್ ಮೌಂಟ್ ಕಡೆ ಹೋಗಿ.

ಹೂಳಿನಲ್ಲಿ ಸಿಕ್ಕಿಕೊಂಡಿತ್ತು, ಹಿಂದಕ್ಕೆ ಕೊಟ್ಟು ಬಿಡಿಸಿಕೊಂಡೆ. ಪ್ರೊಪೆಲ್ಲರಿಗೆ ಏನೂ ಆಗಿಲ್ಲ.

ಪ್ರೊಪೆಲ್ಲರಿಗೆ ಆಗಿರಲಿಕ್ಕಿಲ್ಲ. ಆಲ್ಫಾ ಡ್ರೈವಿನಲ್ಲಿ ಎಂಜಿನ್ ತಂಪು ಮಾಡುವ ನೀರಿನ ಪಂಪ್ ಡ್ರೈವಿನ ಒಳಗೇ ಇದೆ, ಹೂಳು ಕುಡಿದ ಅದರ ರಬ್ಬರ್ ಇಂಪೆಲ್ಲರ್ ಬೇಗ ಸವೆಯುತ್ತದೆ. ಟೆಂಪರೇಚರ್ ಮೀಟರ್ ಮೇಲೆ ಕಣ್ಣಿಡಿ. ಇನ್ನು ಮುಂದೆ ಕಡಿಮೆ ನೀರಿನಲ್ಲಿ ಎಂಜಿನ್ ಆಫ್ ಮಾಡಿ, ಡ್ರೈವ್ ಎತ್ತಿ, ಹುಟ್ಟು ಹಾಕಿ ಹೊರಬನ್ನಿ. ಟ್ರೇಲರ್ ಸ್ಥಾನದವರೆಗೆ ಎತ್ತಿಟ್ಟು ಥ್ರಾಟಲ್ ಕೊಟ್ಟರೆ ಒಳಗಿನ ಜಾಯಿಂಟುಗಳು ಒಡೆಯುತ್ತವೆ.

ಆನೋಡ್ ಬದಲಿಸಬೇಕೇ? ಮಂಗಳೂರಿನಲ್ಲಿ ಹಾಕಿದ್ದೇ ಇದೆ, ಸವೆದೇ ಇಲ್ಲ.

ಡ್ರೈವಿನ ಬದಲು ತಾನು ಸವೆಯಲೆಂದೇ ಹಾಕಿದ ಲೋಹದ ತುಂಡು ಆನೋಡ್, ಅದು ಸವೆಯದಿರುವುದೇ ತಕರಾರು. ಉಪ್ಪು ನೀರಿಗೆ ಹಾಕಿದ ಜಿಂಕ್ ಆನೋಡ್ ಸಿಹಿ ನೀರಿನಲ್ಲಿ ಮೇಲೊಂದು ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ. ಅದು ಸುಮ್ಮನಾದರೆ ಡ್ರೈವಿನ, ಪ್ರೊಪೆಲ್ಲರಿನ ಅಲ್ಯೂಮಿನಿಯಂ ಸವೆಯಲು ಶುರು. ಪೂರ್ತಿ ಸಿಹಿ ನೀರಿನಲ್ಲೇ ಇರುವ ಬೋಟಿಗೆ ಮೆಗ್ನೀಸಿಯಂ ಆನೋಡ್ ಹಾಕಿ. ಎರಡೂ ಕಡೆ ಓಡಾಡುವುದಾದರೆ ಅಲ್ಯೂಮಿನಿಯಂ ಆನೋಡ್. ಮೆಗ್ನೀಸಿಯಂ ಹಾಕಿಕೊಂಡು ಸಮುದ್ರಕ್ಕೆ ಇಳಿದರೆ ಬಹಳ ಬೇಗ ಕರಗಿಹೋಗುತ್ತದೆ. ಆನೋಡ್ ಮೇಲೆ ಪೇಂಟ್ ಬಳಿಯಬೇಡಿ, ಚೆಂದಕ್ಕೆ ಎಂದು ಬಳಿದವರನ್ನು ನೋಡಿದ್ದೇನೆ.

ದುಬಾರೆ ಕಡೆ ಕಾವೇರಿಯಲ್ಲಿ ಓಡಿಸಬಹುದೇ?

ಬೇಡ. ಬಂಡೆ, ಆಳವಿಲ್ಲದ ನೀರು, ಆನೆಗಳು, ರಾಫ್ಟಿಂಗಿನ ಜನ. ಜಲಾಶಯದಲ್ಲಿ ಇಳಿಸಲೂ ಹಾರಂಗಿ ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮದ ಅನುಮತಿ ಕೇಳಿಕೊಳ್ಳಿ. ಯಂತ್ರದಿಂದ ಓಡುವ ಒಳನಾಡಿನ ಬೋಟುಗಳ ನೋಂದಣಿಗೆ 2021ರ ಒಳನಾಡು ಹಡಗು ಕಾಯ್ದೆಯೂ ಇದೆ.

ಮಳೆಗಾಲಕ್ಕೆ ಬೋಟು ಮೇಲೆ ಎಳೆದಿಡುತ್ತೇವೆ. ಪ್ರೊಪೆಲ್ಲರ್ ಹಾಗೇ ಬಿಡಬಹುದೇ?

ಬಿಚ್ಚಿಡಿ. ಜೂನ್‌ನಿಂದ ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬದ ತನಕ ಶೆಡ್ಡಿನೊಳಗೂ ತೇವ ಆರುವುದಿಲ್ಲ. ಶಾಫ್ಟ್ ಒರೆಸಿ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಿ. ಡ್ರೈವನ್ನು ಪೂರ್ತಿ ಕೆಳಗೆ ಇಳಿಸಿಡಿ, ಒಳಗಿನ ನೀರು ಬಸಿಯುತ್ತದೆ, ರಬ್ಬರ್ ಬೆಲ್ಲೋಸ್ (ಸುಕ್ಕುಸುಕ್ಕಾದ ಕೊಳವೆ) ಎಳೆದುಕೊಂಡು ಬಿರಿಯುವುದಿಲ್ಲ. ಗೇರ್ ಆಯಿಲ್ ಬದಲಿಸಲು ಕಕ್ಕಡ (ಆಟಿ ತಿಂಗಳು) ಕಳೆಯಲಿ ಎಂದು ಕಾಯಬೇಡಿ, ನೀರು ಸೇರಿದ ಎಣ್ಣೆಯಲ್ಲಿ ಮೂರು ತಿಂಗಳು ಕೂತರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಬಿಚ್ಚಿದ ಪ್ರೊಪೆಲ್ಲರನ್ನು ರಿಪೇರಿಗೆ ಕೊಡಲು ಇದೇ ಸಮಯ. ಮಳೆಗಾಲದ ಮೀನುಗಾರಿಕೆ ನಿಷೇಧದ ಹೊತ್ತಿಗೆ ಕರಾವಳಿಯ ಬೋಟುಗಳೂ ಮೇಲೆ ಬಂದಿರುತ್ತವೆ, ವರ್ಕ್‌ಶಾಪಿನವರ ಕೈ ತುಂಬಾ ಕೆಲಸ ಇರುತ್ತದೆ, ಆದ್ದರಿಂದ ಮೊದಲೇ ಫೋನ್ ಮಾಡಿ ಸರದಿ ಹಿಡಿಯಿರಿ.

ಬೋಟಿನಲ್ಲಿ ಯಾವಾಗಲೂ ಏನು ಇಟ್ಟುಕೊಂಡಿರಬೇಕು?

ಬದಲಿ ಪ್ರೊಪೆಲ್ಲರ್, ಒಂದು ಹೆಚ್ಚುವರಿ ನಟ್, ಟ್ಯಾಬ್ ವಾಷರ್, ಥ್ರಸ್ಟ್ ವಾಷರ್, ಆ ಸಾಕೆಟ್ಟು ಮತ್ತದರ ಹಿಡಿ, ಮರದ ತುಂಡು, ಇಕ್ಕಳ, ಗ್ರೀಸ್, ದಾರ ಕೊಯ್ಯಲು ಚಾಕು. ಜೊತೆಗೆ ಎರಡು ಹುಟ್ಟು. ನೀರಿನಲ್ಲಿ ನಿಂತು ಬದಲಿಸುವಾಗ ನಟ್ ಕೈಜಾರಿ ಕೆಸರಿಗೆ ಬೀಳುವುದು ಖಂಡಿತ ಎಂದೇ ತಿಳಿಯಿರಿ. ಸಾಧ್ಯವಿದ್ದರೆ ಕೆಳಗೆ ಒಂದು ಬಕೆಟ್ಟೋ ಬಟ್ಟೆಯೋ ಹಿಡಿಸಿಕೊಂಡು ಕೆಲಸ ಮಾಡಿ.